ಅಪರೂಪ ಆದರೆ ಸಾಲದು: ಹಳೇ ಸಿನಿಮಾ ಪೋಸ್ಟರ್‌ಗಳ ಬೆಲೆ ಏರುವುದೂ ಇಳಿಯುವುದೂ ಯಾಕೆ?

1997ರ ಮಾರ್ಚ್‌ನಲ್ಲಿ ಸೋದ್‌ಬೀಸ್ ಹರಾಜಿನಲ್ಲಿ ಒಂದು ಸಿನಿಮಾ ಪೋಸ್ಟರ್ 4,53,500 ಡಾಲರ್‌ಗೆ ಮಾರಾಟವಾಯಿತು. 1932ರ ‘ದಿ ಮಮ್ಮಿ’ ಚಿತ್ರದ್ದು, ಕ್ಯಾರೊಲಿ ಗ್ರೋಸ್ ವಿನ್ಯಾಸ. ಅಲ್ಲಿವರೆಗೆ ಯಾವ ಸಿನಿಮಾ ಪೋಸ್ಟರಿಗೂ ಹರಾಜಿನಲ್ಲಿ ಅಷ್ಟು ಹಣ ಬಂದಿರಲಿಲ್ಲ. 2018ರಲ್ಲಿ ಇದೇ ಪೋಸ್ಟರ್‌ನ ಪ್ರತಿಯೊಂದು ಮತ್ತೆ ಸೋದ್‌ಬೀಸ್‌ಗೆ ಬಂತು. ಈ ಸಲ ಅಂದಾಜು ಬೆಲೆ 10 ಲಕ್ಷದಿಂದ 15 ಲಕ್ಷ ಡಾಲರ್. ಯಾರೂ ಕೊಳ್ಳಲಿಲ್ಲ.

ನಡುವಿನ 21 ವರ್ಷದಲ್ಲಿ ಈ ಪೋಸ್ಟರ್ ಹೇರಳವಾಗೇನೂ ಸಿಗತೊಡಗಲಿಲ್ಲ. ಉಳಿದಿರುವ ಪ್ರತಿಗಳು ಇಂದಿಗೂ ಬೆರಳಲ್ಲಿ ಎಣಿಸುವಷ್ಟೇ. ಹಾಗಂತ ಮಾರುಕಟ್ಟೆ ಬಿದ್ದುಹೋಗಿತ್ತು ಅನ್ನುವ ಹಾಗೂ ಇಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2017ರ ನವೆಂಬರ್‌ನಲ್ಲಿ, 1931ರ ‘ಡ್ರಾಕುಲಾ’ ಪೋಸ್ಟರ್ ಒಂದು ಹೆರಿಟೇಜ್ ಅನ್ನುವ ಸಂಸ್ಥೆಯ ಹರಾಜಿನಲ್ಲಿ 5,25,800 ಡಾಲರ್ ತಂದಿತ್ತು. ಅಂದರೆ ದೊಡ್ಡ ಮೊತ್ತ ಕೊಡುವವರು ಇದ್ದರು. ಕೇಳಿದಷ್ಟಕ್ಕೆಲ್ಲ ಕೊಡುವವರು ಇರಲಿಲ್ಲ, ಅಷ್ಟೇ.

ಒಂದು ವಸ್ತು ಅಪರೂಪ ಆದರೆ ಅದರ ಬೆಲೆ ತಾನಾಗಿ ಏರುತ್ತದೆ ಅಂತ ನಾವು ಸುಮ್ನೆ ನಂಬಿಬಿಟ್ಟಿದ್ದೇವೆ. ಹಳೇ ಪೋಸ್ಟರ್‌ಗಳ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಎಷ್ಟು ಪ್ರತಿ ಉಳಿದಿವೆ ಅನ್ನುವುದರ ಜೊತೆಗೆ, ಅದು ತನಗೆ ಬೇಕೇ ಬೇಕು ಅನ್ನುವವರು ಇವತ್ತು ಎಷ್ಟು ಜನ ಇದ್ದಾರೆ ಅನ್ನುವುದೂ ಸೇರಿ ಬೆಲೆ ಕಟ್ಟುತ್ತದೆ. ಆ ಜನ ಬದಲಾಗುತ್ತಾರೆ, ಅವರಿಗೆ ವಯಸ್ಸಾಗುತ್ತದೆ, ಒಂದು ದಿನ ಇಲ್ಲವಾಗುತ್ತಾರೆ. ಇವತ್ತಿನ ಪೋಸ್ಟರ್ ಮಾರುಕಟ್ಟೆಯ ಗೊಂದಲವೆಲ್ಲ ಇದರಿಂದಲೇ ಹುಟ್ಟಿದ್ದು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಪೂರೈಕೆಯ ಕಡೆ ನೋಡೋಣ. ಪೋಸ್ಟರ್ ಅನ್ನುವುದನ್ನು ಯಾರೂ ಕಾಪಿಡಲು ಮುದ್ರಿಸಲಿಲ್ಲ. ಸಿನಿಮಾ ಓಡುವಷ್ಟು ದಿನ ಗೋಡೆ ಮೇಲಿದ್ದರೆ ಸಾಕಿತ್ತು. ಅಮೆರಿಕದಲ್ಲಿ ಚಿತ್ರಮಂದಿರದವರು ಪೋಸ್ಟರ್‌ಗಳನ್ನು ಬಾಡಿಗೆಗೆ ತರುತ್ತಿದ್ದರು. ಆಟ ಮುಗಿದ ಮೇಲೆ ವಾಪಸ್ ಕೊಡಬೇಕು. ಅದೇ ಪೋಸ್ಟರ್ ಮುಂದಿನ ಊರಿಗೆ ಹೋಗುತ್ತಿತ್ತು, ಅಲ್ಲಿಂದ ಇನ್ನೊಂದು ಊರಿಗೆ. ಮೂಲೆಗಳಲ್ಲಿ ಪಿನ್ನಿನ ತೂತು, ಅಂಚಲ್ಲಿ ಹರಿದ ಗುರುತು, ಹಿಂದೆ ಟೇಪು. ತೀರಾ ಹಾಳಾದಾಗ ಕಸಕ್ಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳೇ ಕಾಗದ ಸಂಗ್ರಹಿಸುವ ಅಭಿಯಾನಗಳು ನಡೆದವು. ಕೂಡಿಟ್ಟಿದ್ದ ಎಷ್ಟೋ ಪೋಸ್ಟರ್ ಅದರಲ್ಲಿ ಹೋಯಿತು.

ಹಾಗಾದರೆ ಉಳಿದಿದ್ದು ಹೇಗೆ? ಬಹುಪಾಲು ಆಕಸ್ಮಿಕವಾಗಿ. ಪೆನ್ಸಿಲ್ವೇನಿಯಾದ ಬರ್ವಿಕ್ ಅನ್ನುವ ಊರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಕಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. ಮೇಲ್ನೋಟಕ್ಕೆ ಅದು ಗೋಡೆಗೆ ಹಚ್ಚುವ ಅಂಟಿನಿಂದ ಒಂದಕ್ಕೊಂದು ಕಚ್ಚಿಕೊಂಡ ಕಾಗದದ ದಪ್ಪ ಹಲಗೆ. 1930–31ರ ಹೊತ್ತಿಗೆ ಥಿಯೇಟರಿನವರು ಹೋದ ವಾರದ ಪೋಸ್ಟರ್ ಕೀಳದೆ ಅದರ ಮೇಲೇ ಈ ವಾರದ್ದನ್ನು ಅಂಟಿಸುತ್ತಾ ಹೋಗಿದ್ದರು. ಒಳಗಿನ ಪದರಗಳಿಗೆ ಬೆಳಕು ತಾಗಿರಲಿಲ್ಲ, ಹಾಗಾಗಿ ಬಣ್ಣ ಮಾಸಿರಲಿಲ್ಲ. ತಜ್ಞರು ಅವುಗಳನ್ನು ನಿಧಾನವಾಗಿ ಬಿಡಿಸಿದಾಗ 33 ಪೋಸ್ಟರ್ ಹೊರಬಂದವು. ಅದರಲ್ಲಿ ‘ಡ್ರಾಕುಲಾ’ ಇತ್ತು, ‘ದಿ ಪಬ್ಲಿಕ್ ಎನಿಮಿ’ ಇತ್ತು. 2012ರಲ್ಲಿ ಇಡೀ ಕಟ್ಟಿಗೆ ಬಂದ ಹಣ ಐದು ಲಕ್ಷ ಡಾಲರ್‌ಗೂ ಜಾಸ್ತಿ. ಕೆಲಸ ಉಳಿಸಲು ಯಾರೋ ಅಂಟಿನ ಮೇಲೆ ಅಂಟು ಬಳಿದಿದ್ದರಿಂದ ಒಂದು ಕಾಲದ ಮುದ್ರಣ ಕಲೆಯ ತುಣುಕು ಉಳಿಯಿತು. ಇದನ್ನು ಓದಿದಾಗಲೆಲ್ಲ, ಕಿತ್ತು ಬಿಸಾಡಿದ ಉಳಿದ ಊರುಗಳ ಪೋಸ್ಟರ್‌ಗಳ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

1940ರ ನಂತರ ಪರಿಸ್ಥಿತಿ ಬೇರೆ. ನ್ಯಾಷನಲ್ ಸ್ಕ್ರೀನ್ ಸರ್ವೀಸ್ ಅನ್ನುವ ಸಂಸ್ಥೆ ಸ್ಟುಡಿಯೋಗಳ ಪರವಾಗಿ ಪೋಸ್ಟರ್ ಹಂಚುವ ಕೆಲಸ ವಹಿಸಿಕೊಂಡಿತು. ಹಳೇ ಅಮೆರಿಕನ್ ಪೋಸ್ಟರ್ ಕೈಗೆ ಸಿಕ್ಕರೆ ಕೆಳಗಿನ ಅಂಚು ನೋಡಿ. ‘77/21’ ಅನ್ನುವ ರೀತಿಯ ಒಂದು ಸಂಖ್ಯೆ ಇರುತ್ತದೆ. ಮೊದಲ ಭಾಗ ವರ್ಷ, ಎರಡನೆಯದು ಆ ವರ್ಷ ಆ ಚಿತ್ರಕ್ಕೆ ಕೊಟ್ಟ ಕ್ರಮಾಂಕ. 77/21 ಅಂದರೆ ‘ಸ್ಟಾರ್ ವಾರ್ಸ್’. ಮರುಬಿಡುಗಡೆಯ ಪೋಸ್ಟರ್ ಆದರೆ ಸಾಮಾನ್ಯವಾಗಿ ಮುಂದೆ ಒಂದು ‘ಆರ್’ ಅಕ್ಷರ ಸೇರಿಕೊಳ್ಳುತ್ತದೆ. ಆ ಒಂದು ಅಕ್ಷರದಿಂದ ಬೆಲೆ ಪಾತಾಳಕ್ಕೆ ಇಳಿಯಬಹುದು. ಈ ಸಂಸ್ಥೆಯ ಗೋದಾಮುಗಳಲ್ಲಿ ಉಳಿದ ದಾಸ್ತಾನು ಮುಂದೆ ವ್ಯಾಪಾರಿಗಳ ಕೈ ಸೇರಿತು. ಅದಕ್ಕೇ 1950ರ ನಂತರದ ಎಷ್ಟೋ ಚಿತ್ರಗಳ ಪೋಸ್ಟರ್ ಇವತ್ತಿಗೂ ಕಷ್ಟವಿಲ್ಲದೆ ಸಿಗುತ್ತದೆ.

ಆ ಕಾಲದ ಪೋಸ್ಟರ್‌ಗಳು ಮಡಚಿಯೇ ಬರುತ್ತಿದ್ದವು. ಸುಮಾರು 27 ಅಂಗುಲ ಅಗಲ, 41 ಅಂಗುಲ ಉದ್ದದ ಹಾಳೆ, ಇದಕ್ಕೆ ‘ಒನ್ ಶೀಟ್’ ಅನ್ನುತ್ತಾರೆ. ಅದನ್ನು ಮಡಚಿ ಕಳಿಸುತ್ತಿದ್ದರು. ಸುರುಳಿ ಸುತ್ತಿ ಕಳಿಸುವುದು ಸಾಮಾನ್ಯವಾದದ್ದು 1980ರ ದಶಕದಲ್ಲಿ. ಹಾಗಾಗಿ 1955ರ ಪೋಸ್ಟರ್ ಮೇಲೆ ಮಡಿಕೆ ಗೆರೆ ಇದ್ದರೆ ಅದು ದೋಷವಲ್ಲ. ಗೆರೆಯೇ ಇಲ್ಲದಿದ್ದರೆ ಒಮ್ಮೆ ಯೋಚಿಸಬೇಕು: ಲಿನನ್ ಬಟ್ಟೆಗೆ ಅಂಟಿಸಿ ರಿಪೇರಿ ಮಾಡಿದ್ದೋ ಅಥವಾ ನಕಲಿಯೋ ಅಂತ.

ಇಂಟರ್ನೆಟ್ ಬರುವ ತನಕ ಯಾವುದು ಎಷ್ಟು ಅಪರೂಪ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವ್ಯಾಪಾರಿ ಹೇಳಿದ್ದೇ ಮಾತು. 1995ರಲ್ಲಿ ಇಬೇ ಅನ್ನುವ ಆನ್‌ಲೈನ್ ಹರಾಜು ತಾಣ ಶುರುವಾದ ಮೇಲೆ ಬೇರೆ ಬೇರೆ ಊರುಗಳ ಕಪಾಟು, ಅಟ್ಟ, ಗ್ಯಾರೇಜುಗಳಲ್ಲಿ ಇದ್ದದ್ದೆಲ್ಲ ಒಂದೇ ಪರದೆ ಮೇಲೆ ಕಾಣತೊಡಗಿತು. ನಿಜವಾಗಿ ಅಪರೂಪ ಆಗಿದ್ದವು ಇನ್ನೂ ದುಬಾರಿಯಾದವು, ಯಾಕೆಂದರೆ ಕೊಳ್ಳುವವರೂ ಜಗತ್ತಿನ ಎಲ್ಲ ಕಡೆಯಿಂದ ಬಂದರು. ಅಪರೂಪ ಅಂದುಕೊಂಡಿದ್ದ ಬಹಳಷ್ಟು ಮಾತ್ರ ಸಾಮಾನ್ಯ ಅಂತ ಬಯಲಾಯಿತು. ‘ಸ್ಟಾರ್ ವಾರ್ಸ್’ ಸರಣಿಯ ‘ರಿವೆಂಜ್ ಆಫ್ ದಿ ಜೇಡೈ’ ಪೋಸ್ಟರಿನ ಕತೆ ಗೊತ್ತಲ್ವಾ? ಚಿತ್ರದ ಹೆಸರು ‘ರಿಟರ್ನ್ ಆಫ್ ದಿ ಜೇಡೈ’ ಅಂತ ಬದಲಾಗುವ ಮುಂಚೆ, ಹಳೇ ಹೆಸರಿನಲ್ಲೇ ಕಲಾವಿದ ಡ್ರೂ ಸ್ಟ್ರೂಜನ್ ಬರೆದ ಪೋಸ್ಟರ್ ಅಚ್ಚಾಗಿತ್ತು. ವಾಪಸ್ ಪಡೆದ ಪೋಸ್ಟರ್ ಅಂದಕೂಡಲೇ ಎಲ್ಲೋ ನಾಲ್ಕೈದು ಉಳಿದಿರಬೇಕು ಅನ್ನಿಸುತ್ತದೆ. ಆದರೆ ಅದನ್ನು ಅಭಿಮಾನಿ ಸಂಘದ ಸದಸ್ಯರಿಗೇ ಮಾರಲಾಗಿತ್ತು, ಅದೂ ಸಾವಿರಗಟ್ಟಲೆ. ಇಂದಿಗೂ ಅದಕ್ಕೆ ಒಳ್ಳೆಯ ಬೆಲೆ ಇದೆ. ಕಾರಣ ಕೊರತೆಯಲ್ಲ, ಕತೆ.

ಇನ್ನು ಬೇಡಿಕೆ. ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲೇ.

1930ರಿಂದ 50ರವರೆಗೆ ಜೀನ್ ಆಟ್ರಿ, ರಾಯ್ ರೋಜರ್ಸ್, ಹಾಪಲಾಂಗ್ ಕ್ಯಾಸಿಡಿ ಇವರ ಕೌಬಾಯ್ ಚಿತ್ರಗಳು ಅಮೆರಿಕದ ಮಕ್ಕಳಿಗೆ ಶನಿವಾರದ ಹಬ್ಬ. ಆ ಮಕ್ಕಳು ದೊಡ್ಡವರಾಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ವಯಸ್ಸಿಗೆ ಬಂದಾಗ ಬಾಲ್ಯದ ನಾಯಕರ ಪೋಸ್ಟರ್ ಹುಡುಕಿ ಕೊಂಡರು. ಬೆಲೆ ಏರಿತು. ಆಮೇಲೆ ಅವರಿಗೆ ವಯಸ್ಸಾಯಿತು. ಅವರ ಮಕ್ಕಳಿಗೆ ರಾಯ್ ರೋಜರ್ಸ್ ಅಂದರೆ ಅಪ್ಪನ ಬಾಯಲ್ಲಿ ಕೇಳಿದ ಹೆಸರು, ಅಷ್ಟೇ. ಪೋಸ್ಟರ್‌ಗಳ ಸಂಖ್ಯೆ ಹೆಚ್ಚಾಗಲಿಲ್ಲ, ಕಾಗದ ಕೆಡಲಿಲ್ಲ. ಕೈ ಎತ್ತುವವರು ಕಡಿಮೆಯಾದರು. ಈಗ ಆ ಚಿತ್ರಗಳ ಪೋಸ್ಟರ್‌ಗಳಿಗೆ ಹಿಂದಿನ ಬೆಲೆ ಇಲ್ಲ.

ಇದನ್ನು ನೋಡಿ ಪ್ರತಿ ಪೀಳಿಗೆಯೂ ತನ್ನ ಪೋಸ್ಟರ್‌ಗಳನ್ನು ತನ್ನ ಜೊತೆಗೇ ಒಯ್ಯುತ್ತದೆ ಅಂತ ತೀರ್ಮಾನ ಮಾಡುವುದು ಸುಲಭ. ಆದರೆ ‘ಡ್ರಾಕುಲಾ’ ಆ ಲೆಕ್ಕಕ್ಕೆ ಸಿಗುವುದಿಲ್ಲ. 1931ರಲ್ಲಿ ಅದನ್ನು ಥಿಯೇಟರಿನಲ್ಲಿ ನೋಡಿದವರು 2017ರ ಹರಾಜಿಗೆ ಬಂದಿರುವ ಸಾಧ್ಯತೆ ತೀರಾ ಕಡಿಮೆ. ಉತ್ತರ ಟಿವಿಯಲ್ಲಿದೆ. 1957ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ಹಳೇ ಭಯಾನಕ ಚಿತ್ರಗಳನ್ನು ‘ಶಾಕ್’ ಅನ್ನುವ ಹೆಸರಿನಲ್ಲಿ ಒಂದು ಕಂತೆ ಮಾಡಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಿದರು. ಮರುವರ್ಷ ‘ಫೇಮಸ್ ಮಾನ್ಸ್‌ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆ ಬಂತು. ಕಾಲು ಶತಮಾನ ಹಳೆಯದಾದ ಚಿತ್ರಗಳು ಹೊಸ ಮಕ್ಕಳ ಪಾಲಿಗೆ ಸ್ವಂತ ಚಿತ್ರಗಳಾದವು. ಪೋಸ್ಟರ್ ಸಂಗ್ರಹದಲ್ಲಿ ದೊಡ್ಡ ಮೊತ್ತ ಕೊಟ್ಟವರಲ್ಲಿ ಈ ಪೀಳಿಗೆಯವರ ಪಾಲು ದೊಡ್ಡದು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕತೆಯೂ ಹೆಚ್ಚುಕಡಿಮೆ ಇದೇ. 1946ರಲ್ಲಿ ಅದು ದೊಡ್ಡ ಗೆಲುವೇನೂ ಕಾಣಲಿಲ್ಲ. 1974ರಲ್ಲಿ ಯಾರೂ ಹಕ್ಕುಸ್ವಾಮ್ಯ ನವೀಕರಿಸಲಿಲ್ಲ. ಟಿವಿಯವರು ಪ್ರತಿ ಕ್ರಿಸ್‌ಮಸ್‌ಗೂ ಮತ್ತೆ ಮತ್ತೆ ಹಾಕಿದರು. ಜನ ಅದನ್ನು ಮನೆಯ ಚಿತ್ರ ಮಾಡಿಕೊಂಡರು. ಪೋಸ್ಟರಿನ ಬೇಡಿಕೆ ಚಿತ್ರ ಬಂದ ಎಷ್ಟೋ ದಶಕದ ಮೇಲೆ ಹುಟ್ಟಿತು.

ಅಂದರೆ ನೆನಪು ಬರೀ ವಯಸ್ಸಿನ ಜೊತೆ ಸಾಗುವುದಿಲ್ಲ. ಯಾವ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತಾರೋ ಅದಕ್ಕೆ ಹೊಸ ನೆನಪು ಹುಟ್ಟುತ್ತಲೇ ಇರುತ್ತದೆ. ‘ಬ್ಲೇಡ್ ರನ್ನರ್’ ಮತ್ತು ‘ದಿ ಥಿಂಗ್’ ಅಮೆರಿಕದಲ್ಲಿ 1982ರ ಜೂನ್ 25ರಂದು, ಒಂದೇ ದಿನ ಬಿಡುಗಡೆಯಾದವು. ಎರಡೂ ಆಗ ಸೋತವು. ವಿಡಿಯೋ ಕ್ಯಾಸೆಟ್ ಅವುಗಳನ್ನು ಎತ್ತಿ ನಿಲ್ಲಿಸಿತು. ಇವತ್ತು 1980ರ ದಶಕದ ಪೋಸ್ಟರ್ ಕೊಳ್ಳುವವರು ಮೊದಲು ಹುಡುಕುವ ಹೆಸರುಗಳಲ್ಲಿ ಇವೂ ಇವೆ. ಆ ವರ್ಷ ಹೆಚ್ಚು ಹಣ ಮಾಡಿದ ಎಷ್ಟೋ ಚಿತ್ರಗಳ ಪೋಸ್ಟರ್ ಯಾರೂ ಕೇಳುವುದಿಲ್ಲ. ಗಲ್ಲಾಪೆಟ್ಟಿಗೆ ನೋಡಿ ಪೋಸ್ಟರಿನ ಭವಿಷ್ಯ ಹೇಳಲು ಹೋದವರು ಇಲ್ಲೇ ಎಡವುವುದು.

ಇದರ ಜೊತೆಗೆ ರುಚಿಯೇ ಬದಲಾಗಿದೆ. ಹಿಂದಿನ ಸಂಗ್ರಾಹಕರಲ್ಲಿ ಹಲವರು ಪೋಸ್ಟರ್‌ಗಳನ್ನು ಕಡತದಲ್ಲಿ, ಡ್ರಾಯರಿನಲ್ಲಿ ಜೋಡಿಸಿಡುತ್ತಿದ್ದರು. ಒಬ್ಬ ನಟನ ಎಲ್ಲ ಚಿತ್ರಗಳದ್ದೂ ಬೇಕು, ಎಂಟು ಲಾಬಿ ಕಾರ್ಡ್‌ಗಳ (ಚಿತ್ರಮಂದಿರದೊಳಗೆ ಹಾಕುತ್ತಿದ್ದ ಸಣ್ಣ ಪೋಸ್ಟರ್‌ಗಳ) ಸೆಟ್ ಪೂರ್ತಿ ಇರಬೇಕು. ಗೋಡೆ ಅವರಿಗೆ ಮುಖ್ಯವಾಗಿರಲಿಲ್ಲ. ಈಗ ಕೊಳ್ಳುವವರಲ್ಲಿ ಹೆಚ್ಚಿನವರು ಒಂದೋ ಎರಡೋ ಕೊಳ್ಳುತ್ತಾರೆ, ಫ್ರೇಮ್ ಹಾಕಿಸಿ ಗೋಡೆಗೆ ಹಾಕುತ್ತಾರೆ. ಅವರಿಗೆ ಪಟ್ಟಿ ಪೂರ್ತಿ ಮಾಡುವ ಹಂಬಲವಿಲ್ಲ. ನೋಡಲು ಚೆನ್ನಾಗಿರಬೇಕು, ದಿನಾ ನೋಡಿದರೂ ಬೇಸರ ಬರಬಾರದು. ಇದರಿಂದ ಮಾರುಕಟ್ಟೆಯ ಲೆಕ್ಕವೇ ತಿರುಗಿತು. ಸಾಧಾರಣ ಚಿತ್ರದ ಸಾಧಾರಣ ಪೋಸ್ಟರ್‌ಗಳನ್ನು ಮುಂಚೆ ಈ ಪಟ್ಟಿ ಪೂರ್ತಿ ಮಾಡುವವರೇ ಕೊಳ್ಳುತ್ತಿದ್ದರು. ಅವರು ಕಡಿಮೆಯಾದಂತೆ ನಡುವಿನ ದರ್ಜೆ ಸೊರಗಿತು. ಮೇಲಿನ ಕೆಲವು ಮಾತ್ರ ಇನ್ನೂ ಮೇಲೆ ಹೋದವು.

ವಿನ್ಯಾಸಕ್ಕೆ ಬೆಲೆ ಬಂದದ್ದು ಹೀಗೆ. ಸಾಲ್ ಬಾಸ್ ಮಾಡಿದ 1958ರ ‘ವರ್ಟಿಗೋ’ ಪೋಸ್ಟರನ್ನು ನೆನೆಸಿಕೊಳ್ಳಿ. ಕಿತ್ತಳೆ ಬಣ್ಣ, ಬಿಳಿ ಸುಳಿ, ಅದರೊಳಗೆ ಬೀಳುತ್ತಿರುವ ಎರಡು ಆಕೃತಿ. ನಟನಟಿಯರ ಮುಖವೇ ಇಲ್ಲ. ಚಿತ್ರ ನೋಡದವರಿಗೂ ಅದು ತಲೆಸುತ್ತು ಬರಿಸುತ್ತದೆ. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಈ ಚಿತ್ರ ಮೊದಲ ಸ್ಥಾನಕ್ಕೆ ಬಂತು. ಚಿತ್ರದ ಮರ್ಯಾದೆ ಹೆಚ್ಚಿದ್ದು, ಪೋಸ್ಟರಿನ ಸೊಗಸು, ಎರಡೂ ಒಟ್ಟಿಗೆ ಸೇರಿದರೆ ಬೇಡಿಕೆ ಸುಲಭಕ್ಕೆ ಬತ್ತುವುದಿಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 1958ರ ‘ಅಟ್ಯಾಕ್ ಆಫ್ ದಿ 50 ಫುಟ್ ವುಮನ್’ ಅಗ್ಗದ ಚಿತ್ರ. ಆದರೆ ರೆನಾಲ್ಡ್ ಬ್ರೌನ್ ಬರೆದ ಅದರ ಪೋಸ್ಟರ್, ಹೆದ್ದಾರಿ ಮೇಲೆ ನಿಂತು ಕಾರನ್ನು ಕೈಯಲ್ಲಿ ಎತ್ತಿದ ದೈತ್ಯ ಹೆಂಗಸು, ಆ ದಶಕದ ಹೆಸರಾಂತ ಪೋಸ್ಟರ್‌ಗಳಲ್ಲಿ ಒಂದು. ಚಿತ್ರವನ್ನು ನೋಡದೇ ಪೋಸ್ಟರ್ ಪ್ರೀತಿಸುವವರು ಎಷ್ಟೋ ಜನ.

ಒಂದು ಕಾಲಕ್ಕೆ ‘ಚಿತ್ರ ಯಾವ ದೇಶದ್ದೋ ಪೋಸ್ಟರೂ ಆ ದೇಶದ್ದೇ ಇರಬೇಕು’ ಅನ್ನುವ ಕಟ್ಟುನಿಟ್ಟು ಇತ್ತು. ಅದೂ ಸಡಿಲವಾಗಿದೆ. ಪೋಲೆಂಡಿನಲ್ಲಿ ಯುದ್ಧದ ನಂತರ ಚಿತ್ರ ವಿತರಣೆ ಸರ್ಕಾರದ ಕೈಯಲ್ಲಿತ್ತು. ಟಿಕೆಟ್ ಮಾರುವ ಒತ್ತಡ ಇರಲಿಲ್ಲ. ತಾರೆಯರ ಮುಖ ಹಾಕಲೇಬೇಕು ಅನ್ನುವ ಷರತ್ತೂ ಇರಲಿಲ್ಲ. ಹೆನ್ರಿಕ್ ತೊಮಾಶೆವ್‌ಸ್ಕಿ, ಯಾನ್ ಲೆನಿತ್ಸಾ, ರೋಮನ್ ಚೆಸ್ಲೆವಿಚ್ ಇಂಥವರು ಹಾಲಿವುಡ್ ಚಿತ್ರಗಳಿಗೂ ತಮಗೆ ತೋಚಿದ ಹಾಗೆ ಪೋಸ್ಟರ್ ಬರೆದರು. ಇಟಲಿಯವರು ದೊಡ್ಡ ದೊಡ್ಡ ಹಾಳೆಗಳಲ್ಲಿ ತೈಲಚಿತ್ರದಂತೆ ಬಣ್ಣ ತುಂಬಿದರು. 1946ರಲ್ಲಿ ‘ಕಾಸಾಬ್ಲಾಂಕಾ’ಕ್ಕೆ ಲುಯಿಜಿ ಮಾರ್ತಿನಾತಿ ಮಾಡಿದ ಇಟಾಲಿಯನ್ ಪೋಸ್ಟರ್ 2017ರಲ್ಲಿ 4,78,000 ಡಾಲರ್‌ಗೆ ಹೋಯಿತು. ಅಮೆರಿಕದ ಚಿತ್ರ, ಪರದೇಶದ ಪೋಸ್ಟರ್, ಯುದ್ಧ ಮುಗಿದ ಮೇಲೆ ಬಂದದ್ದು. ಹಳೇ ಕಟ್ಟುನಿಟ್ಟಿನ ಪ್ರಕಾರ ಇದು ಎರಡನೇ ದರ್ಜೆ ಆಗಬೇಕಿತ್ತು.

ರುಚಿ ಬದಲಾಗಿದ್ದರಿಂದ ಆದ ಒಳ್ಳೆಯದು ಇನ್ನೊಂದಿದೆ. 1920, 30ರ ದಶಕಗಳಲ್ಲಿ ಕಪ್ಪು ಪ್ರೇಕ್ಷಕರಿಗಾಗಿಯೇ ಆಸ್ಕರ್ ಮಿಶೋ ಅಂಥವರು ಚಿತ್ರ ಮಾಡುತ್ತಿದ್ದರು. ಅವುಗಳ ಪೋಸ್ಟರ್‌ಗಳನ್ನು ಸಂಗ್ರಾಹಕರು ಬಹಳ ಕಾಲ ಗಮನಿಸಲೇ ಇಲ್ಲ. ಈಗ ಮ್ಯೂಸಿಯಂಗಳು ಹುಡುಕಿಕೊಂಡು ಹೋಗುತ್ತಿವೆ. ಲಾಸ್ ಏಂಜಲೀಸ್‌ನ ಲೂಕಸ್ ಮ್ಯೂಸಿಯಂ ‘ಸೆಪರೇಟ್ ಸಿನಿಮಾ’ ಅನ್ನುವ ಇಡೀ ಸಂಗ್ರಹವನ್ನೇ ಪಡೆದುಕೊಂಡಿತು. ಆ ಚಿತ್ರಗಳಲ್ಲಿ ಹಲವು ಕಳೆದೇ ಹೋಗಿವೆ, ಪೋಸ್ಟರ್ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಇಷ್ಟು ತಡವಾಗಿದ್ದು ಬೇಸರದ ಸಂಗತಿ.

ಮ್ಯೂಸಿಯಂಗಳು ಬಂದಾಗ ಪೂರೈಕೆಯ ಮೇಲೆ ಒಂದು ಪರಿಣಾಮ ಆಗುತ್ತದೆ. ಒಮ್ಮೆ ಅಲ್ಲಿ ಸೇರಿದ ಪೋಸ್ಟರ್ ಸಾಮಾನ್ಯವಾಗಿ ಮತ್ತೆ ಮಾರಾಟಕ್ಕೆ ಬರುವುದಿಲ್ಲ. ಹೈಂಟ್ಸ್ ಶುಲ್ಟ್ಸ್-ನಾಯ್‌ಡಾಮ್ ಬರೆದ ‘ಮೆಟ್ರೊಪೊಲಿಸ್’ ಪೋಸ್ಟರ್‌ನ ನಾಲ್ಕೇ ಪ್ರತಿ ಗೊತ್ತಿವೆ. ಅದರಲ್ಲಿ ಒಂದು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. 2005ರಲ್ಲಿ ಒಂದು ಪ್ರತಿ 6,90,000 ಡಾಲರ್‌ಗೆ ಕೈ ಬದಲಾಯಿಸಿದ್ದಕ್ಕೆ ಇದೂ ಒಂದು ಕಾರಣ.

ಕೊರತೆಯಿಂದ ಬೆಲೆ ಬರುತ್ತದೆ ಅಂತ ಗೊತ್ತಾದ ಮೇಲೆ ಕೊರತೆಯನ್ನೇ ತಯಾರಿಸುವವರೂ ಬಂದರು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಶುರುವಾದ ಮೊಂಡೋ ಹಳೇ ಚಿತ್ರಗಳಿಗೆ ಹೊಸ ಕಲಾವಿದರಿಂದ ಸ್ಕ್ರೀನ್ ಪ್ರಿಂಟ್ ಪೋಸ್ಟರ್ ಮಾಡಿಸಿ, ಕೆಲವೇ ನೂರು ಪ್ರತಿ ಮಾರುತ್ತಿತ್ತು. ನಿಮಿಷಗಳಲ್ಲಿ ಖಾಲಿ. ಮರುದಿನವೇ ಎರಡು, ಮೂರು ಪಟ್ಟು ಬೆಲೆಗೆ ಮತ್ತೆ ಮಾರಾಟ. 2022ರಲ್ಲಿ ಫಂಕೋ ಕಂಪನಿ ಮೊಂಡೋವನ್ನು ಕೊಂಡಿತು, ಮರುವರ್ಷ ನೌಕರರನ್ನು ತೆಗೆಯುವ ಸುದ್ದಿ ಬಂತು. ಆ ಪೋಸ್ಟರ್‌ಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಕಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 1931ರ ಕೊರತೆಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಸಾವಿರಾರು ಅಚ್ಚಾಗಿ ಎರಡು ಮೂರು ಉಳಿದವು. ಇಲ್ಲಿ 300 ಅಚ್ಚಾದರೆ 300ನ್ನೂ ಜನ ಕೊಳವೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಮಾರುವ ಮನಸ್ಸು ಎಲ್ಲರಿಗೂ ಒಟ್ಟಿಗೇ ಬಂದರೆ ಕೊರತೆ ಅನ್ನುವುದು ಒಂದೇ ವಾರದಲ್ಲಿ ಮಾಯ.

ದುಡ್ಡು ಇರುವ ಕಡೆ ನಕಲಿಯೂ ಬಂತು. 2009ರ ಹೊತ್ತಿಗೆ 1930ರ ದಶಕದ ಭಯಾನಕ ಚಿತ್ರಗಳ ನಕಲಿ ಪೋಸ್ಟರ್ ಮತ್ತು ಲಾಬಿ ಕಾರ್ಡ್‌ಗಳು ಅನುಭವಿ ಸಂಗ್ರಾಹಕರ ಕೈಗೇ ಹೋಗಿದ್ದು ಬಯಲಾಯಿತು, ಪ್ರಕರಣ ಜೈಲು ಶಿಕ್ಷೆಯವರೆಗೂ ಹೋಯಿತು. ಅಂದಿನಿಂದ ಪೋಸ್ಟರ್ ಯಾರ ಕೈಯಿಂದ ಯಾರಿಗೆ ಬಂತು ಅನ್ನುವ ದಾಖಲೆಗೆ ಮಹತ್ವ ಹೆಚ್ಚಿದೆ. ಭೂತಗನ್ನಡಿ ಹಿಡಿದು ನೋಡುವುದು ಈಗಲೂ ಒಳ್ಳೆಯ ಅಭ್ಯಾಸ. ಕಲ್ಲಚ್ಚಿನ ಹಳೇ ಪೋಸ್ಟರಿನಲ್ಲಿ ಬಣ್ಣ ಬಳಪ ತೀಡಿದ ಹಾಗೆ ಒರಟಾಗಿ ಹರಡಿರುತ್ತದೆ. ಆಮೇಲಿನ ಆಫ್‌ಸೆಟ್ ಪೋಸ್ಟರಿನಲ್ಲಿ ಚುಕ್ಕೆಗಳಿದ್ದರೂ ಕೆಳಗಿನ ಸಣ್ಣ ಅಕ್ಷರ ಚೊಕ್ಕವಾಗಿರುತ್ತದೆ. ಪೋಸ್ಟರಿನ ಫೋಟೋ ತೆಗೆದು ಮಾಡಿದ ನಕಲಿಯಲ್ಲಿ ಆ ಸಣ್ಣ ಅಕ್ಷರಗಳೇ ಮೊದಲು ಮಸುಕಾಗುತ್ತವೆ.

ಮುಂದೆ ಏನು? ಟಿವಿಯಲ್ಲಿ ‘ಡ್ರಾಕುಲಾ’ ನೋಡಿ ಬೆಳೆದ ಪೀಳಿಗೆಗೆ ಈಗ 70 ದಾಟಿದೆ. ಕೊಳ್ಳುತ್ತಿದ್ದವರೇ ಈಗ ಮಾರುವವರಾಗುತ್ತಿದ್ದಾರೆ, ಅಥವಾ ಅವರ ಮಕ್ಕಳು ಮಾರುತ್ತಿದ್ದಾರೆ. ಬೇಡಿಕೆ ಇಳಿಯುವುದೂ ಪೂರೈಕೆ ಏರುವುದೂ ಒಂದೇ ಮನೆಯಿಂದ, ಒಂದೇ ಸಮಯಕ್ಕೆ ಶುರುವಾಗುತ್ತದೆ. ಪೆಟ್ಟು ಎರಡು ಕಡೆಯಿಂದ. ‘ಡ್ರಾಕುಲಾ’, ‘ಕಾಸಾಬ್ಲಾಂಕಾ’ ಅಂಥವು ಇದನ್ನು ತಡೆದುಕೊಳ್ಳುತ್ತವೆ, ಅವುಗಳಿಗೆ ಹೊಸ ನೋಡುಗರು ಸಿಗುತ್ತಲೇ ಇದ್ದಾರೆ. 1977ರ ನಂತರದ ಚಿತ್ರಗಳಿಗೆ ಇನ್ನೂ ಕೆಲವು ವರ್ಷ ಒಳ್ಳೆಯ ಕಾಲ, ಆದರೆ ಅವುಗಳ ಪ್ರತಿಗಳು ಬಹಳ ಉಳಿದಿವೆ ಅನ್ನುವುದನ್ನು ಮರೆಯಬಾರದು.

ನನಗೆ ಕಾಳಜಿ ಇರುವುದು ನಡುವಿನವುಗಳ ಬಗ್ಗೆ. ‘ಲಂಡನ್ ಆಫ್ಟರ್ ಮಿಡ್‌ನೈಟ್’ (1927) ಚಿತ್ರದ ಕೊನೆಯ ಪ್ರತಿ 1965ರ ಎಂಜಿಎಂ ಸ್ಟುಡಿಯೋ ಗೋದಾಮಿನ ಬೆಂಕಿಯಲ್ಲಿ ಹೋಯಿತು ಅಂತ ಹೇಳುತ್ತಾರೆ. ಅದರ ಪೋಸ್ಟರ್ 2014ರಲ್ಲಿ 4,78,000 ಡಾಲರ್ ತಂದಿತು, ಯಾಕೆಂದರೆ ಅದರಲ್ಲಿ ಮೂಕಿ ಚಿತ್ರಗಳ ಹೆಸರಾಂತ ನಟ ಲಾನ್ ಚಾನಿ ಇದ್ದ. ಅದೇ ಕಾಲದ, ಅದೇ ರೀತಿ ಕಳೆದುಹೋದ, ಆದರೆ ದೊಡ್ಡ ಹೆಸರಿಲ್ಲದ ಚಿತ್ರಗಳ ಪೋಸ್ಟರಿಗೆ ಹರಾಜಿನಲ್ಲಿ ಕೈ ಎತ್ತುವವರಿಲ್ಲ. ಮಾರುಕಟ್ಟೆಗೆ ಬೇಡವಾದದ್ದು ನಿಧಾನಕ್ಕೆ ಮತ್ತೆ ಕಸದ ದಾರಿ ಹಿಡಿಯುತ್ತದೆ, 1930ರಲ್ಲಿ ಆದ ಹಾಗೆಯೇ. ಸಂಗ್ರಾಹಕರ ಮನೆಯವರು ಹರಾಜು ಸಂಸ್ಥೆ ಬೇಡ ಅಂದ ಕಟ್ಟುಗಳನ್ನು ಎಸೆಯುವ ಮುಂಚೆ ಗ್ರಂಥಾಲಯಗಳನ್ನು ಒಮ್ಮೆ ಕೇಳಬೇಕು. ಆಸ್ಕರ್ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯ, ಆಸ್ಟಿನ್‌ನ ಹ್ಯಾರಿ ರಾನ್ಸಮ್ ಸೆಂಟರ್ ಇಂಥ ಕಡೆ ಸಿನಿಮಾ ಕಾಗದಪತ್ರಗಳನ್ನು ಕಾಪಾಡುವ ಏರ್ಪಾಡು ಇದೆ. ಎಲ್ಲವನ್ನೂ ಅವರು ತೆಗೆದುಕೊಳ್ಳಲಾರರು. ಕೊನೇಪಕ್ಷ ಪೋಸ್ಟರಿನ ಸ್ಪಷ್ಟ ಫೋಟೋ, ಅಳತೆ, ಕೆಳಗಿನ ಸಣ್ಣ ಅಕ್ಷರಗಳ ವಿವರ ಇಷ್ಟನ್ನಾದರೂ ಬರೆದಿಟ್ಟರೆ, ಚಿತ್ರವೇ ಇಲ್ಲದ ಕಡೆ ಆ ಚಿತ್ರದಲ್ಲಿ ಯಾರಿದ್ದರು, ಅದನ್ನು ಯಾರು ಮಾಡಿದರು ಅನ್ನುವುದಾದರೂ ಗೊತ್ತಾಗುತ್ತದೆ.